ಕಂಡಕ್ಟರ್ ಇಂಗ್ಲಿಷ್ ಮಾತಾಡುವ ಬಸ್ಸು

ಮಕ್ಕಳನ್ನು ಹಾಳುಮಾಡುವುದು ಯಾವುದು ಎಂಬ ಪ್ರಶ್ನೆಗೆ ನಮ್ಮ ಸಮಾಜ ತಲೆಮಾರಿಗೊಂದು ಉತ್ತರ ಹುಡುಕಿಕೊಂಡು ಬಂದಿದೆ. ನಮ್ಮ ಅಜ್ಜಿಯ ಕಾಲಕ್ಕೆ ಅದು ಕಾದಂಬರಿ. ಹೆಣ್ಣುಮಗಳು ಪುಸ್ತಕ ಹಿಡಿದು ಒಲೆಯ ಮುಂದೆ ಕೂತರೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ ಎಂದು ಹಿರಿಯರು ಬೈಯುತ್ತಿದ್ದರಂತೆ. ಅಮ್ಮನ ಕಾಲಕ್ಕೆ ಸಿನಿಮಾ. ನಾನು ಬಿ.ಎಡ್. ಮುಗಿಸುವ ಹೊತ್ತಿಗೆ ಟೀವಿ. ಈಗ ಗೇಮು. ನಮ್ಮ ಸ್ಟಾಫ್ ರೂಮಿನಲ್ಲಿ ವಾರಕ್ಕೆರಡು ಸಲವಾದರೂ ಈ ಗೇಮಿನ ಶ್ರಾದ್ಧ ನಡೆಯುತ್ತದೆ. ಗಣಿತದಲ್ಲಿ ಅಂಕ ಕಡಿಮೆಯಾದರೂ ಗೇಮು, ಹುಡುಗ ಕೊನೆಯ ಬೆಂಚಿನಲ್ಲಿ ತೂಕಡಿಸಿದರೂ ಗೇಮು, ಕಾಗುಣಿತ ತಪ್ಪಿದರೂ ಗೇಮು.

ಈ ದೂರಿನಲ್ಲಿ ನಿಜವೇ ಇಲ್ಲವೆಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಜಾಗ ಕೊಟ್ಟಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟೋ ಮನೆಗಳನ್ನು ಮುರಿದ ಮೇಲೆ, 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸಿ ಕಾನೂನು ಮಾಡಬೇಕಾಯಿತು. ಆದರೆ ಜೂಜನ್ನೂ ಕಥೆಯನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊಳೆಗೆ ಎಸೆಯುವವರ ಜೊತೆ ನಾನಿಲ್ಲ. ಇಸ್ಪೀಟಿನ ಎಲೆಯೂ ಕಾಗದದ್ದೇ, ಪಠ್ಯಪುಸ್ತಕವೂ ಕಾಗದದ್ದೇ. ಹಾಗೆಂದು ಕಾಗದವನ್ನೇ ಯಾರೂ ಬೈಯುವುದಿಲ್ಲ.

ನನ್ನ ಜಗಳ ಬೇರೆಯದೇ. ಈ ಹೊಸ ಕಲೆ ನಮ್ಮ ನಾಡಿನಲ್ಲೇ, ನಮ್ಮ ಮಕ್ಕಳ ಕೈಯಲ್ಲೇ ತಯಾರಾಗುತ್ತಿದೆ. ಆದರೂ ನಮ್ಮ ಭಾಷೆಯನ್ನು ಆಡುತ್ತಿಲ್ಲ. ಇದಕ್ಕೆ ಮಾರುಕಟ್ಟೆಯಿಲ್ಲ, ತಂತ್ರಜ್ಞಾನವಿಲ್ಲ, ಹಣವಿಲ್ಲ ಎಂದು ಕೊಡುವ ಕಾರಣಗಳಲ್ಲಿ ಕೆಲವು ಸುಳ್ಳು, ಮಿಕ್ಕವು ಅರ್ಧ ಸುಳ್ಳು. ಇದು ನನ್ನ ವಾದ.

2025ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಆಟಗಳ ಮೇಳಕ್ಕೆ ನಾನು ಹೋಗಿದ್ದೆ. ನನ್ನ ತಂಗಿಯ ಮಗಳು ಇಂಥ ಆಟಗಳಿಗೆ ಚಿತ್ರ ಬರೆಯುವ ಕೆಲಸದಲ್ಲಿದ್ದಾಳೆ. “ದೊಡ್ಡಮ್ಮ, ಪೇಪರಲ್ಲಿ ಓದಿ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ನೀವು ಒಂದಿನ ಬಂದು ಆಡಿ ನೋಡಿ” ಎಂದು ನಂಜನಗೂಡಿನಿಂದ ಕರೆಸಿಕೊಂಡಳು. ಮುಂಭಾಗವೆಲ್ಲ ದೊಡ್ಡ ಕಂಪನಿಗಳದು: ಗೋಡೆಯಷ್ಟಗಲದ ಪರದೆ, ಎದೆ ನಡುಗಿಸುವ ಸದ್ದು, ಎತ್ತ ನೋಡಿದರೂ ಬಂದೂಕು. ಅದನ್ನು ದಾಟಿ ಹಿಂದಿನ ಮೂಲೆಗೆ ಹೋದರೆ, ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನದ ಹಾಗೆ ಸಾಲುಮೇಜುಗಳು. ಒಂದೊಂದರ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಕಂಟ್ರೋಲರು, ಹೆಡ್‌ಫೋನು. ಹಿಂದೆ ಅಂಟಿಸಿದ ಪೋಸ್ಟರು. ಅದರ ಪಕ್ಕದಲ್ಲಿ ನಿದ್ದೆಗೆಟ್ಟ ಕಣ್ಣಿನ ಇಬ್ಬರೋ ಮೂವರೋ ಹುಡುಗ ಹುಡುಗಿಯರು. ಇವರನ್ನು ‘ಇಂಡೀ’ಗಳು ಎನ್ನುತ್ತಾರೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಕೈಯಿಂದ ಖರ್ಚು ಹಾಕಿಕೊಂಡು ಸ್ವತಂತ್ರವಾಗಿ ಆಟ ಕಟ್ಟುವವರು.

ಕನ್ನಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಸಾಕ್ಷಿ’, ‘ಸಂಕ್ರಮಣ’, ‘ಶೂದ್ರ’ಗಳನ್ನು ತಂದವರು ಹೀಗೆಯೇ ತಂದರು. ದೊಡ್ಡ ಪತ್ರಿಕೆಗಳು ಮುಟ್ಟದ ವಿಷಯವನ್ನು ಸಣ್ಣ ಪತ್ರಿಕೆಗಳು ಮುಟ್ಟಿದ ಹಾಗೆ ಈ ಸಣ್ಣ ಆಟಗಳೂ ದೊಡ್ಡವು ಹೋಗದ ಓಣಿಗೆ ಹೋಗುತ್ತವೆ. ಲೂಕಸ್ ಪೋಪ್ ಎಂಬಾತ ಒಬ್ಬನೇ ಕೂತು 2013ರಲ್ಲಿ ‘ಪೇಪರ್ಸ್, ಪ್ಲೀಸ್’ ಎಂಬ ಆಟ ಮಾಡಿದ. ಅದರಲ್ಲಿ ನಾವು ಗಡಿಯ ಒಬ್ಬ ಗುಮಾಸ್ತರು. ಬಂದವರ ಕಾಗದಪತ್ರ ನೋಡಿ ಒಳಗೆ ಬಿಡುವುದೋ ಬೇಡವೋ ಎಂದು ಮುದ್ರೆ ಒತ್ತಬೇಕು. ನಿಯಮ ಮುರಿದರೆ ಸಂಬಳದಲ್ಲಿ ಕಡಿತ, ಮನೆಯಲ್ಲಿ ಮಗುವಿಗೆ ಔಷಧಿ ಇಲ್ಲ. ಪಾಲಿಸಿದರೆ ಎದುರಿಗೆ ನಿಂತ ಹೆಂಗಸು ಗಂಡನಿಂದ ದೂರ. ಸರ್ಕಾರಿ ಕಚೇರಿಯಲ್ಲಿ ಒಳ್ಳೆಯವರು ಹೇಗೆ ಕಲ್ಲಾಗುತ್ತಾರೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಕಥೆಗಳು ಬಹಳವಿಲ್ಲ.

ಇರಲಿ, ಮೇಳಕ್ಕೆ ಬರೋಣ. ಒಂದೊಂದು ಆಟವನ್ನೂ ಹತ್ತು ಹದಿನೈದು ನಿಮಿಷ ಆಡಲು ಬಿಡುತ್ತಾರೆ. ನಾವು ಆಡುವಾಗ ಮಾಡಿದವರು ಬಾಯಿ ಬಿಡುವುದಿಲ್ಲ. ಎಲ್ಲಿ ತಡವರಿಸಿದೆವು, ಎಲ್ಲಿ ದಾರಿ ತಪ್ಪಿದೆವು, ಎಲ್ಲಿ ನಕ್ಕೆವು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಬಿ.ಎಡ್. ಪಾಠಾಭ್ಯಾಸದಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದ ನಮ್ಮ ಮೇಷ್ಟರ ನೆನಪಾಯಿತು. ಒಂದೇ ವ್ಯತ್ಯಾಸ, ಇಲ್ಲಿ ತಪ್ಪು ಆಡುವವರದಲ್ಲ, ಮಾಡಿದವರದು ಎಂದು ಬರೆದುಕೊಳ್ಳುತ್ತಾರೆ. ಈ ನಮ್ರತೆ ನಮ್ಮ ಪಠ್ಯಪುಸ್ತಕ ಸಮಿತಿಗಳಿಗೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ಮೇಜಿನಲ್ಲಿ ಬಸ್ಸಿನ ಆಟವಿತ್ತು. ಬೆಂಗಳೂರಿನ ಸಿಟಿ ಬಸ್ಸು, ಸಂಜೆಯ ಆರು ಗಂಟೆ, ನಾನು ಕಂಡಕ್ಟರ್. ಟಿಕೆಟ್ ಕೊಡಬೇಕು, ಚಿಲ್ಲರೆ ಲೆಕ್ಕ ಹಾಕಬೇಕು, ಫುಟ್‌ಬೋರ್ಡಿನವರನ್ನು ಒಳಕ್ಕೆ ತಳ್ಳಬೇಕು, ಮುದುಕಿಗೆ ಸೀಟು ಕೊಡಿಸಬೇಕು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನೂ ಹುಡುಗರು ಮರೆತಿರಲಿಲ್ಲ. ಕಿಟಕಿಯಾಚೆ ಮಳೆ, ಸಿಗ್ನಲ್ಲಿನಲ್ಲಿ ಮಲ್ಲಿಗೆ ಹೂವಿನವಳು, ಸೀಟಿನ ಮೇಲೆ ಯಾರೋ ಹಾಸಿಟ್ಟ ಟವೆಲು. ಇಷ್ಟೆಲ್ಲ ಕಣ್ಣಿಟ್ಟು ನೋಡಿ ಮಾಡಿದ ಆಟದಲ್ಲಿ ಕಂಡಕ್ಟರ್ ಬಾಯಿ ತೆರೆದರೆ “ಪ್ಲೀಸ್ ಮೂವ್ ಇನ್‌ಸೈಡ್, ಸರ್” ಎನ್ನುತ್ತಾನೆ! ನಾನು ಭಾಷೆಯ ಮಡಿಯವಳಲ್ಲ. ‘ರೈಟ್ ರೈಟ್’, ‘ಹೋಲ್ಡಾನ್’ ಎನ್ನುವುದು ನಮ್ಮ ಕಂಡಕ್ಟರುಗಳ ಕನ್ನಡವೇ. ಆದರೆ “ಒಳಗಡೆ ಹೋಗ್ರೀ, ಬಾಗಿಲಲ್ಲೇನು ತೊಟ್ಲು ಕಟ್ಟಿದ್ದೀವಾ” ಎಂಬ ಮಾತು ಎಲ್ಲಿ, ಈ ಕಾನ್ವೆಂಟ್ ವಿನಯ ಎಲ್ಲಿ?

“ಏನಪ್ಪಾ, ನಿಮ್ಮ ಕಂಡಕ್ಟರಿಗೆ ಕನ್ನಡ ಬರೋಲ್ಲವೇ?” ಎಂದು ಕೇಳಿದೆ. ಮಾಡಿದ ಇಬ್ಬರಲ್ಲಿ ಒಬ್ಬ ಮಂಡ್ಯದವನು, ಇನ್ನೊಬ್ಬ ಹಾಸನದವನು. ತಮ್ಮತಮ್ಮಲ್ಲಿ ಅಚ್ಚಗನ್ನಡದಲ್ಲೇ ಕಿತ್ತಾಡುತ್ತಿದ್ದರು. “ಕನ್ನಡ ಹಾಕಿದ್ರೆ ಯಾರು ತಗೋತಾರೆ ಮೇಡಂ?” ಎಂದರು. ಆಟದಲ್ಲಿ ಒಟ್ಟು ಎಷ್ಟು ಮಾತಿದೆ ಎಂದು ವಿಚಾರಿಸಿದೆ. “ಎಲ್ಲಾ ಸೇರಿ ಎರಡು ಸಾವಿರ ಪದ ಇರಬೋದು” ಎಂದರು.

ಎರಡು ಸಾವಿರ ಪದ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಮೇಜಿನಲ್ಲಿ ಗದಗದ ಕಡೆಯ ಹುಡುಗಿಯೊಬ್ಬಳು ಮಾಡಿದ ಪುಟ್ಟ ಆಟ. ಒಂದು ಹೆಣ್ಣುಮಗು ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ದಿಬ್ಬ ಹತ್ತಬೇಕು. ಬೇಗ ನಡೆದರೆ ನೀರು ಚೆಲ್ಲುತ್ತದೆ. ನಿಧಾನ ಮಾಡಿದರೆ ದೂರದಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಇಷ್ಟೇ. ಗೆಲ್ಲುವುದು ಸೋಲುವುದು ಇಲ್ಲ. ತಡವಾಗಿ ಬಂದ ಹುಡುಗಿಯರನ್ನು ಮೂವತ್ತು ವರ್ಷ ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುತ್ತ ಬಂದ ನನಗೆ, ಆ ಗಂಟೆಯ ಸದ್ದು ದಿಬ್ಬದ ಮೇಲಿನಿಂದ ಹೇಗೆ ಕೇಳಿಸುತ್ತದೆ ಎಂಬುದು ಕಿವಿಗೆ ಬಿತ್ತು. ಎರಡು ಸಲ ಆಡಿದೆ. ಇಡೀ ಆಟದಲ್ಲಿ ಒಂದೂ ಮಾತಿಲ್ಲ. ಚೆನ್ನಾಗಿದೆ, ಮೌನವೇ ಇದಕ್ಕೆ ಒಪ್ಪುತ್ತದೆ ಎಂದು ಹೊಗಳಿದೆ. ಅವಳು ನಕ್ಕು, “ಮಾತು ಹಾಕಿದ್ರ ಇಂಗ್ಲಿಷೇ ಹಾಕಬೇಕಾಗ್ತದ ರೀ ಮೇಡಂ. ನಮ್ಮೂರ ಹುಡುಗಿ ಬಾಯಾಗ ಇಂಗ್ಲಿಷ್ ಹೆಂಗ ಹಾಕ್ಲಿ? ಅದಕ್ಕ ಮಾತೇ ಬ್ಯಾಡಂತ ಬಿಟ್ಟೀನಿ” ಎಂದಳು.

ನಾನು ಹೊಗಳಿದ್ದು ಮೌನವನ್ನು. ಅದು ಮೌನವಾಗಿರಲಿಲ್ಲ, ಬಾಯಿಕಟ್ಟು. ತನ್ನ ಭಾಷೆಯಲ್ಲಿ ಹೇಳಿದರೆ ಕೇಳುವವರಿಲ್ಲ, ಪರರ ಭಾಷೆಯಲ್ಲಿ ಹೇಳಲು ಮನಸ್ಸಿಲ್ಲ ಎಂದು ಒಬ್ಬ ಪ್ರತಿಭಾವಂತೆ ಮಾತನ್ನೇ ಬಿಟ್ಟಿದ್ದಾಳೆ. ಇದಕ್ಕಿಂತ ದೊಡ್ಡ ದೂರನ್ನು ನಾನು ಯಾವ ಸಾಹಿತ್ಯ ಸಮ್ಮೇಳನದ ಗೋಷ್ಠಿಯಲ್ಲೂ ಕೇಳಿಲ್ಲ.

ಆಟದ ಭಾಷೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಕನ್ನಡ ಮೇಷ್ಟರುಗಳೇ ಕೇಳುತ್ತಾರೆ. ಅವರು ತಮ್ಮ ತರಗತಿಯಲ್ಲಿ ಒಮ್ಮೆ ಕಿವಿಗೊಡಲಿ. ಆಟ ಮಗುವಿಗೆ ಮೊದಲು ಕಲಿಸುವುದು ಕ್ರಿಯಾಪದವನ್ನು. ಕುಂಟೆಬಿಲ್ಲೆ ಆಡಿದವರಿಗೆ ಕುಂಟು, ಎಸೆ, ದಾಟು, ಮೆಟ್ಟು ಬಂದವು. ಚೌಕಾಬಾರದಲ್ಲಿ ಕಾಯಿ ನಡೆಸುತ್ತೇವೆ, ಕಡಿಯುತ್ತೇವೆ, ಒಳಮನೆ ಸೇರಿದರೆ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಎಂಥ ಸೊಗಸಾದ ಮಾತು ಅದು! ಇಂದಿನ ನನ್ನ ಹುಡುಗರ ಆಟದ ಮಾತು ಕೇಳಿ: ‘ಜಂಪ್ ಮಾಡು, ಅಟ್ಯಾಕ್ ಮಾಡು, ಕಿಲ್ ಮಾಡು, ಕಲೆಕ್ಟ್ ಮಾಡು.’ ಜಿಗಿ, ನೆಗೆ, ಹಾರು, ಕುಪ್ಪಳಿಸು, ಲಾಗ ಹಾಕು ಎಂದು ಐದು ಬಗೆಯಾಗಿ ನೆಲ ಬಿಡುತ್ತಿದ್ದ ಕನ್ನಡಕ್ಕೆ ಈಗ ಉಳಿದಿರುವುದು ‘ಮಾಡು’ ಒಂದೇ. ಕ್ರಿಯಾಪದ ಹೋದ ಭಾಷೆಗೆ ಬೇರೆಯವರ ಮಾತನ್ನು ಹೊತ್ತು ತಿರುಗುವ ಕೂಲಿಯಷ್ಟೇ ಗತಿ.

ಆಟವನ್ನು ಹಗುರ ಎನ್ನುವ ವಿದ್ವಾಂಸರಿಗೆ ಮೈಸೂರಿನದೇ ಉದಾಹರಣೆ ಕೊಡುತ್ತೇನೆ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯ ಕೈತಪ್ಪಿದ ಮೇಲೆ ಸುಮ್ಮನೆ ಕೂರಲಿಲ್ಲ. ಹೊಸಹೊಸ ಮಣೆ ಆಟಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ದೇವತೆಗಳ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲೇ ಆಟಕ್ಕೂ ಸ್ಥಾನ ಕೊಟ್ಟ ನಾಡು ಇದು. ಈಗ ಅದೇ ನಾಡಿನಲ್ಲಿ ಆಟ ಎಂದರೆ ಮೂಗು ಮುರಿಯುವುದು ವಿದ್ವತ್ತಿನ ಲಕ್ಷಣವಾಗಿದೆ.

ಇನ್ನು ಆ ಮೂರು ಕಾರಣಗಳಿಗೆ ಬರುತ್ತೇನೆ. ಮೊದಲನೆಯದು ಮಾರುಕಟ್ಟೆ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಒಬ್ಬನೇ ವರ್ಷಗಟ್ಟಲೆ ದುಡಿದು 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟ ತಂದ. ಅದು ಹಂಗೆರಿಯನ್ ಭಾಷೆಯಲ್ಲಿ ಸಿಗುತ್ತದೆ. ಹಂಗೆರಿ ದೇಶದ ಜನಸಂಖ್ಯೆ ಒಂದು ಕೋಟಿಗೂ ಕಡಿಮೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಬದನೆಕಾಯಿ ಬಿತ್ತಿ, ನೀರು ಹಾಯಿಸಿ, ಸಂತೆಗೆ ಒಯ್ಯುವ ಆಟ ಆ ಒಂದು ಕೋಟಿಗೆ ಅವರ ಮಾತಿನಲ್ಲಿ ಸಿಗುತ್ತದೆ, ರೈತರ ಮಕ್ಕಳೇ ತುಂಬಿರುವ ನನ್ನ ತರಗತಿಗೆ ಸಿಗುವುದಿಲ್ಲ. ಅಲಾಸ್ಕಾದ ಇನುಪಿಯಾಕ್ ಭಾಷೆಯನ್ನು ಆಡುವವರು ಕೆಲವೇ ಸಾವಿರ. ಅಲ್ಲಿನ ಮೂಲನಿವಾಸಿಗಳ ಸಂಘಟನೆಯೊಂದು ತಾನೇ ಮುಂದೆ ನಿಂತು 2014ರಲ್ಲಿ ‘ನೆವರ್ ಅಲೋನ್’ ಎಂಬ ಆಟ ಮಾಡಿಸಿತು. ಅದರ ಕಥೆಯನ್ನು ಹೇಳುವ ದನಿ ಅವರ ಭಾಷೆಯಲ್ಲಿದೆ. ಇಂಗ್ಲಿಷು ಪರದೆಯ ಕೆಳಗೆ ಅಡಿಬರಹವಾಗಿ ಕೂತಿದೆ. ಭಾಷೆಗೆ ಮಾರುಕಟ್ಟೆ ಇದೆಯೇ ಎಂದು ಅವರು ಕೇಳುತ್ತ ಕೂತಿದ್ದರೆ ಆ ಆಟವೂ ಇರುತ್ತಿರಲಿಲ್ಲ.

ಕನ್ನಡದ ಮಕ್ಕಳು ಮೊಬೈಲಿನಲ್ಲಿ ಬಿಟ್ಟಿ ಆಟ ಆಡುತ್ತಾರೆ, ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಎಂಬುದು ನಿಜ. ಅದನ್ನು ಒಪ್ಪುತ್ತೇನೆ. ಆದರೆ ಇಲ್ಲದ್ದನ್ನು ಕೊಳ್ಳುವುದು ಹೇಗೆ? ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬೇಲಿ ಹಾಕಿಕೊಂಡು ಕೂತೆವು. 2015ರಲ್ಲಿ ಸ್ಪರ್ಧಾ ಆಯೋಗ ಆ ಬೇಲಿ ತಪ್ಪೆಂದಿತು. ಅಷ್ಟರಲ್ಲಿ ನಮ್ಮ ಎಷ್ಟೋ ಮಕ್ಕಳು ಕಾರ್ಟೂನುಗಳನ್ನು ತಮಿಳು, ತೆಲುಗು, ಹಿಂದಿಯಲ್ಲಿ ನೋಡಿ ಬೆಳೆದಾಗಿತ್ತು. ಮೊದಲು ಬಾಗಿಲು ಹಾಕಿ, ಆಮೇಲೆ ಗಿರಾಕಿ ಬರಲಿಲ್ಲ ಎಂದು ಅಳುವ ಅಂಗಡಿ ನಮ್ಮದು.

ಎರಡನೆಯದು ತಂತ್ರಜ್ಞಾನ. ಇದರಲ್ಲಿ ಸ್ವಲ್ಪ ಹುರುಳಿದೆ. ಆಟ ಕಟ್ಟಲು ಬಹಳ ಮಂದಿ ಬಳಸುವ ತಂತ್ರಾಂಶದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗಿಳಿಯುವುದಿಲ್ಲ ಎಂದು ಬಸ್ಸಿನ ಹುಡುಗರು ತೋರಿಸಿದರು. ‘ಕನ್ನಡ’ ಎಂದು ಬರೆದರೆ ‘ಕನ್‌ನಡ’ ಎಂದು ಒಡೆದು ನಿಲ್ಲುತ್ತದೆ. ಒಂದನೇ ತರಗತಿಯ ಮಗು ಹಾಗೆ ಬರೆದರೆ ನಾವು ತಿದ್ದಿಸುತ್ತೇವೆ. ಈ ತಂತ್ರಾಂಶವನ್ನು ತಿದ್ದುವವರೂ ಇದ್ದಾರೆ. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಸಾಧನ ಬಿಟ್ಟಿಯಾಗಿಯೇ ಸಿಗುತ್ತದೆ; ನಮ್ಮ ಫೋನಿನಲ್ಲಿ ಕನ್ನಡ ನೆಟ್ಟಗೆ ಕಾಣುವುದು ಅದರಿಂದಲೇ. ಗೊಡೊ ಎಂಬ ಮುಕ್ತ ತಂತ್ರಾಂಶದ 4ನೇ ಆವೃತ್ತಿ 2023ರಲ್ಲಿ ಬಂದಾಗಿನಿಂದ ಅದರೊಳಗೇ ಈ ಸಾಧನ ಇದೆ. ಟೈಪ್‌ರೈಟರಿಗೆ ಕನ್ನಡ ಒಗ್ಗುವುದಿಲ್ಲ ಎಂದವರಿಗೆ ಅನಂತ ಸುಬ್ಬರಾಯರು ಕೀಲಿಮಣೆ ಮಾಡಿ ತೋರಿಸಿದರು. ಕಂಪ್ಯೂಟರಿಗೆ ಒಗ್ಗುವುದಿಲ್ಲ ಎಂದವರಿಗೆ ಕೆ.ಪಿ. ರಾಯರು ಇನ್ನೊಂದು ಮಾಡಿಕೊಟ್ಟರು. ಒಗ್ಗುವುದಿಲ್ಲ ಎಂಬ ಮಾತನ್ನು ಕನ್ನಡ ಎರಡು ಸಲ ಕೇಳಿ ಎರಡು ಸಲವೂ ಸುಳ್ಳು ಮಾಡಿದೆ.

ಮೂರನೆಯದು ಹಣ. ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿತು. 2024ರಿಂದ 2029ರ ಅವಧಿಗೆ ಹೊಸದೊಂದು ಬಂದಿದೆ. ಇದರ ಸುದ್ದಿಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಉದ್ಯೋಗ, ಬಂಡವಾಳ, ರಫ್ತು. ಇರಲಿ, ನಮ್ಮ ಮಕ್ಕಳಿಗೆ ಕೆಲಸ ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡ ಚಿತ್ರಕ್ಕೆ ಸಹಾಯಧನ ಉಂಟು. ಪುಸ್ತಕ ಪ್ರಾಧಿಕಾರ ಹೊಸ ಬರಹಗಾರರ ಚೊಚ್ಚಲ ಕೃತಿಗೆ ನೆರವು ಕೊಡುತ್ತದೆ. ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುತ್ತದೆ. ಗದಗದ ಆ ಹುಡುಗಿಯ ಆಟ ಚೊಚ್ಚಲ ಕೃತಿಯಲ್ಲವೇ? ಅವಳ ನಾಯಕಿ ಬಾಯಿ ತೆರೆದು ‘ಅವ್ವಾ’ ಎನ್ನಲು ಎಷ್ಟು ಕೋಟಿ ಬೇಕು?

ಮೇಳದಿಂದ ಬಂದ ರಾತ್ರಿ ತಂಗಿಯ ಮಗಳ ಕಂಪ್ಯೂಟರಿನಲ್ಲಿ ‘ವೆಣ್ಬಾ’ ಆಡಿದೆ. ಟೊರಾಂಟೊದ ಸಣ್ಣ ತಂಡವೊಂದು 2023ರಲ್ಲಿ ತಂದ ಆಟ. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿ, ತನ್ನ ಅಮ್ಮ ಕೊಟ್ಟ ಹರಿದ ಅಡುಗೆ ಪುಸ್ತಕ ಇಟ್ಟುಕೊಂಡು ಒಂದೊಂದೇ ಅಡುಗೆಯನ್ನು ನೆನಪು ಮಾಡಿಕೊಳ್ಳುತ್ತಾಳೆ. ಅಲ್ಲೇ ಬೆಳೆದ ಮಗನಿಗೆ ತಮಿಳು ದೂರವಾಗುತ್ತ ಹೋಗುತ್ತದೆ. ಮೊದಲ ಅಡುಗೆ ಇಡ್ಲಿ. ತಟ್ಟೆಗಳನ್ನು ಹಬೆ ಮೇಲೇರುವಂತೆ ತಿರುಗಿಸಿ ಇಡಬೇಕು. ತಂಗಿಯ ಮಗಳು ಮೊದಲ ಸಲ ಆಡಿದಾಗ ಮೂರು ಸಲ ಇಡ್ಲಿ ಕೆಡಿಸಿದ್ದಳಂತೆ. ನನಗೆ ಅರೆನಿಮಿಷವೂ ಹಿಡಿಯಲಿಲ್ಲ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಇಡ್ಲಿ ಮಾಡುವ ತಾಯಿಯ ಕಥೆ ಯಾರಿಗೆ ಬೇಕು ಎಂದು ಅವರಿಗೂ ಯಾರಾದರೂ ಕೇಳಿರಬಹುದು.

ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು. ಪೋಲೆಂಡ್ ಸರ್ಕಾರ 2020ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ತನ್ನ ದೇಶದ ಆಟವನ್ನು ಹಿರಿಯ ವಿದ್ಯಾರ್ಥಿಗಳ ಪೂರಕ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಅದು ಯುದ್ಧದ ಆಟ. ಆದರೆ ಸೈನಿಕರದ್ದಲ್ಲ, ಮುತ್ತಿಗೆಗೆ ಸಿಕ್ಕ ಊರಿನಲ್ಲಿ ಅನ್ನ, ಔಷಧಿ ಹುಡುಕುವ ಸಾಮಾನ್ಯರದ್ದು. ಅಲ್ಲಿನ ಮೇಷ್ಟರುಗಳು ಅದನ್ನು ಪಾಠವೆಂದು ಎತ್ತಿಕೊಳ್ಳಬಹುದಾದರೆ, ನಾವು ಒಂದು ಆಟವನ್ನಾದರೂ ಪೂರ್ತಿ ಆಡಿ, ಇದು ಚೆನ್ನಾಗಿದೆ, ಇದು ಕೆಟ್ಟದ್ದು, ಇದರ ಕನ್ನಡ ಸೊರಗಿದೆ ಎಂದು ವಿಮರ್ಶೆ ಮಾಡಬಾರದೆ? ವಿಮರ್ಶಕರಿಲ್ಲದ ಕಲೆ ವ್ಯಾಪಾರಿಯ ಪಾಲಾಗುತ್ತದೆ. ಹಾಗಾದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಬೈದು ಪ್ರಯೋಜನವಿಲ್ಲ.

ಆಟ ಕಟ್ಟುವ ಮಕ್ಕಳಿಗೂ ಒಂದು ಮಾತು. ಕೇಳುವವರು ಬರಲಿ, ಆಮೇಲೆ ಕನ್ನಡ ಹಾಕುತ್ತೇವೆ ಎನ್ನಬೇಡಿ. ಇಂಗ್ಲಿಷೂ ಇರಲಿ, ಅಡಿಬರಹದಲ್ಲಿ ಇರಲಿ. ಕಂಡಕ್ಟರಿನ ಬಾಯಿಗೆ ಅವನ ಮಾತನ್ನು ವಾಪಸು ಕೊಡಿ. ಬರೆಯಲು ಜನ ಬೇಕೆಂದರೆ ಪ್ರತಿ ತಾಲ್ಲೂಕಿನಲ್ಲೂ ನಮ್ಮಂಥ ಕನ್ನಡ ಮೇಡಂಗಳಿದ್ದೇವೆ. ನನ್ನ ನಿವೃತ್ತಿಗೆ ಇನ್ನೂ ಆರು ವರ್ಷ. ಶನಿವಾರ ಮಧ್ಯಾಹ್ನ ಬಿಡುವು. ಆ ಇಬ್ಬರು ಹುಡುಗರಿಗೆ ನನ್ನ ಫೋನ್ ನಂಬರು ಬರೆದುಕೊಟ್ಟು ಬಂದಿದ್ದೇನೆ. ಎರಡು ಸಾವಿರ ಪದ ಎಂದರೆ ಈ ಲೇಖನಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಇದನ್ನು ಬರೆಯಲು ನನಗೆ ನಾಲ್ಕು ಸಂಜೆ ಹಿಡಿಯಿತು.